ನೀರು ಇಳಿಯುವ ಅಂಚಿನಲ್ಲಿ

ಕೆರೆ ತುಂಬಿ ಕೋಡಿ ಬಿದ್ದಿತೆಂದರೆ ನಮ್ಮ ಮದ್ದೂರು ಸೀಮೆಯಲ್ಲಿ ಅದು ಊರಿಗೆ ಊರೇ ಸಂತೋಷಪಡುವ ಸಂಗತಿ. ಏರಿಯ ಮೇಲೆ ನಿಂತು ಗಂಗಮ್ಮನಿಗೆ ಬಾಗಿನ ಅರ್ಪಿಸುವುದು, ಕೋಡಿಯ ನೀರಿಗೆ ಹೂವು ಅರಿಶಿನ ಕುಂಕುಮಗಳನ್ನು ತೇಲಿಬಿಡುವುದು, ಮಕ್ಕಳು ಮರಿಗಳೊಡನೆ ಹೋಗಿ ಆ ವಿಸ್ತಾರವಾದ ಜಲರಾಶಿಯನ್ನು ಕಣ್ತುಂಬ ನೋಡಿ ಬರುವುದು, ಇವೆಲ್ಲ ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯಗಳು. ಕೃತಜ್ಞತೆಯನ್ನು ಕಲಿಸತಕ್ಕ ಸಂಪ್ರದಾಯಗಳು. ಆದರೆ ಮಾಘ ಫಾಲ್ಗುಣಗಳಲ್ಲಿ, ತೂಬಿನ ಮೂಲಕ ಅಚ್ಚುಕಟ್ಟಿನ ಗದ್ದೆಗಳಿಗೆ ಹರಿದು, ಬಿಸಿಲಿಗೆ ಆರಿ, ದಿನಕ್ಕಿಷ್ಟು ಹಿಂದೆ ಸರಿಯುತ್ತ, ಕೆರೆಯಂಗಳದ ಕಪ್ಪು ಮಣ್ಣನ್ನು ಬಯಲು ಮಾಡುತ್ತ ಹೋಗುವ ನೀರನ್ನು ನೋಡಲು ಯಾರೂ ಹೋಗುವುದಿಲ್ಲ. ಬತ್ತುವ ಕೆರೆಯೆಂದರೆ ನಮಗೆ ದುಃಖದ ವಸ್ತು, ಅಭಾವದ ಸೂಚನೆ. ರೈತನಾದವನಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೂ ಕೆರೆಯನ್ನು ಆಶ್ರಯಿಸಿದ ಸಸ್ಯಗಳ, ಮತ್ಸ್ಯಗಳ, ಪಕ್ಷಿಗಳ ದೃಷ್ಟಿಯಿಂದ ನೋಡಿದರೆ, ಅವುಗಳ ಬಾಳಿನ ಆಧಾರವು ನೀರು ಏರುವುದರಲ್ಲಿ ಎಷ್ಟಿದೆಯೋ ಇಳಿಯುವುದರಲ್ಲಿಯೂ ಅಷ್ಟೇ ಇದೆಯೆಂಬುದನ್ನು, ಮತ್ತು ಈ ಇಳಿತವನ್ನು ನಾವು ಅರಿಯದೆಯೇ ಕೆಡಿಸುತ್ತಿದ್ದೇವೆಂಬುದನ್ನು ಇಲ್ಲಿ ವಿವರಿಸಬೇಕೆಂದು ನನ್ನ ಅಪೇಕ್ಷೆ.

ಭೂಮಂಡಲದಲ್ಲಿ ಒಂದು ಅಪೂರ್ವ ಬಗೆಯ ಜೌಗುನೆಲವುಂಟು. ನದಿಯು ಸಮುದ್ರವನ್ನು ಸೇರುವುದಕ್ಕೆ ಕೆಲವು ಹರದಾರಿ ಮುಂಚೆ, ಉಪ್ಪು ಮುಟ್ಟಲಾರದಷ್ಟು ಮೇಲೆ, ಆದರೆ ಉಬ್ಬರದ ಒತ್ತಡ ಮುಟ್ಟುವಷ್ಟು ಕೆಳಗೆ, ಸಿಹಿನೀರೇ ದಿನಕ್ಕೆ ಎರಡು ಸಲ ಉಬ್ಬಿ ದಡದ ಮೇಲೆ ಹರಡಿ ಎರಡು ಸಲ ಇಳಿದುಹೋಗುವ ಪ್ರದೇಶ ಅದು. ಅಮೆರಿಕದ ಹಡ್ಸನ್, ಡೆಲವೇರ್ ನದಿಗಳ ತೀರದಲ್ಲಿ ಅಂತಹ ನೆಲಗಳು ಪ್ರಸಿದ್ಧವಾಗಿವೆ. ಉಪ್ಪುನೀರಿನ ಜೌಗಿನಲ್ಲಿ ಲವಣವನ್ನು ತಾಳಬಲ್ಲ ಕೆಲವೇ ಸಸ್ಯಗಳು ಬೆಳೆಯುವುವಾದರೆ, ಈ ಸಿಹಿನೀರಿನ ಉಬ್ಬರದ ಜೌಗಿನಲ್ಲಿ ಸಸ್ಯವೈವಿಧ್ಯ ಅದಕ್ಕಿಂತ ಬಹಳ ಹೆಚ್ಚು. ಇದಕ್ಕೆ ಕಾರಣವೇನೆಂದರೆ, ನೀರಿನ ಏರಿಳಿತವು ದಡದ ಒಂದೊಂದು ಗೇಣಿಗೂ ಒಂದೊಂದು ಬೇರೆ ಪ್ರಮಾಣದ ತೇವವನ್ನು ಹಂಚುವುದು; ಒಂದೊಂದು ಪ್ರಮಾಣದ ತೇವಕ್ಕೂ ಒಪ್ಪುವ ಸಸ್ಯ ಒಂದೊಂದಿರುವುದು.

ಮದ್ದೂರಿಗೆ ಸಮುದ್ರದ ಉಬ್ಬರ ಎಂದೂ ಬರುವುದಿಲ್ಲ. ಆದರೆ ಅಲ್ಲಿ ವರ್ಷಕ್ಕೆ 700ಕ್ಕೂ ಮಿಕ್ಕಿ ಸಲ ನಡೆಯುವ ಕ್ರಿಯೆ ಇಲ್ಲಿ ವರ್ಷಕ್ಕೆ ಒಂದೇ ಸಲ, ಅತ್ಯಂತ ಸಾವಧಾನವಾಗಿ ನಡೆಯುತ್ತದೆ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳಿಗೆ ಕೆರೆ ಏರುವುದು. ಸುಗ್ಗಿ ಮುಗಿದ ಮೇಲೆ ಆರಂಭವಾದ ಇಳಿತ ಮುಂದಿನ ಮುಂಗಾರಿನ ತನಕ ಸಾಗುವುದು. ತುಮಕೂರಿನ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮಾರ್ಕೋನಹಳ್ಳಿಯ ಜಲಾಶಯದಲ್ಲಿ ತಂಗಿ, ಮದ್ದೂರಿನ ಮಗ್ಗುಲಲ್ಲಿ ಹರಿದು, ಮಳವಳ್ಳಿಯ ಕಾಡಿನಂಚಿನಲ್ಲಿ ಕಾವೇರಿಯನ್ನು ಕೂಡುವ ಶಿಂಷಾ ನದಿಗೂ ಇದೇ ಸಂವತ್ಸರದ ಲಯವುಂಟು. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆಗಳನ್ನೂ ಈ ಹೊಳೆಯನ್ನೂ ಒಟ್ಟಿಗೆ ಸೇರಿಸಿ ನೋಡಿದರೆ, ನಮ್ಮ ತಾಲ್ಲೂಕಿನ ಜೀವಸಂಪತ್ತಿನ ಮುಖ್ಯಭಾಗ ಕಣ್ಣೆದುರಿಗೆ ಬಂದಂತಾಯಿತು.

ನಮ್ಮ ಪೂರ್ವಿಕರು ಕಟ್ಟಿದ ಕೆರೆಯ ಆಕಾರವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಏರಿಯ ಬುಡದಲ್ಲಿ ಆಳ. ಅಲ್ಲಿಂದ ನೀರು ಬರುವ ದಿಕ್ಕಿಗೆ ನೆಲವು ತಿಳಿಯದಷ್ಟು ಮೆಲ್ಲಗೆ ಏರುತ್ತ ಏರುತ್ತ ಕೊನೆಗೆ ಹೊಲಗಳಲ್ಲಿ ಲೀನವಾಗುವುದು. ಊಟದ ತಟ್ಟೆಯೊಂದನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ ಇಟ್ಟಂತೆ ಅದರ ರೂಪ. ಹೀಗಿರುವುದರಿಂದ ನೀರು ಒಂದು ಗೇಣು ತಗ್ಗಿತೆಂದರೆ ಅಂಚು ಹತ್ತಾರು ಮಾರು ಹಿಂದೆ ಸರಿಯುವುದು; ಆ ಸರಿದ ನೆಲವೆಲ್ಲ ಒಂದೆರಡು ವಾರಗಳಲ್ಲಿ ಹಸಿರಾಗುವುದು. ಆ ಹಸಿರಿಗೆ ಬೀಜವನ್ನು ಯಾರೂ ಬಿತ್ತುವುದಿಲ್ಲ, ಅದು ಕೆಸರಿನಲ್ಲಿಯೇ ಹುದುಗಿರುತ್ತದೆ. ಚಾರ್ಲ್ಸ್ ಡಾರ್ವಿನ್ ಮಹಾಶಯನು ಒಮ್ಮೆ ಒಂದು ಸಣ್ಣ ಕೊಳದಂಚಿನಿಂದ ಮೂರು ದೊಡ್ಡ ಚಮಚದಷ್ಟು ಕೆಸರನ್ನು ತಂದು, ತನ್ನ ಓದುವ ಕೋಣೆಯಲ್ಲಿ ಆರು ತಿಂಗಳು ಮುಚ್ಚಿಟ್ಟು, ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದಾಗ ಅವು 537 ಆದುವು. ಬೊಗಸೆ ತುಂಬದ ಕೆಸರಿನಲ್ಲಿ ಐನೂರಕ್ಕೂ ಹೆಚ್ಚು ಸಸಿಗಳಿದ್ದರೆ, ನೂರಾರು ಎಕರೆಯ ಕೆರೆಯಂಗಳದಲ್ಲಿ ಅಡಗಿರುವ ಬೀಜಭಂಡಾರದ ಪ್ರಮಾಣವನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದರಲ್ಲಿಯೂ ಗಮನಿಸತಕ್ಕ ವಿಷಯವೆಂದರೆ, ಈ ಬೀಜಗಳಲ್ಲಿ ಅನೇಕವು ನೀರಿನಡಿಯಲ್ಲಿ ಮೊಳೆಯಲಾರವು; ನೀರು ಸರಿದು, ಗಾಳಿ ಬೆಳಕು ತಾಗಿ, ನೆಲ ಬೆಚ್ಚಗಾದಾಗ ಮಾತ್ರ ಕಣ್ಣು ಬಿಡುವುವು.

ಚಳಿಗಾಲದ ಕೊನೆಯಲ್ಲಿ ಹಿನ್ನೀರಿನ ಕಡೆಯಿಂದ ಏರಿಯತ್ತ ನಡೆದು ಬರುವವನಿಗೆ ಸಸ್ಯಗಳ ಶ್ರೇಣಿಯೊಂದು ಕ್ರಮಬದ್ಧವಾಗಿ ಎದುರಾಗುತ್ತದೆ. ಮೊದಲು ಗರಿಕೆ ಮತ್ತು ಹೊನಗನ್ನೆ, ತೇವ ಹೆಚ್ಚಿದ ಕಡೆ ಒಂದೆಲಗ. ಹಳ್ಳಿಯ ಹೆಂಗಸರು ಸೊಪ್ಪು ಕೊಯ್ಯಲು ಬರುವುದು ಈ ಪಟ್ಟಿಗೇ. ಅದರಿಂದ ಮುಂದೆ ಕಾಲು ಹೂತುಹೋಗುವಲ್ಲಿ ಜೇಕು. ಅದರಾಚೆ ಆಳೆತ್ತರದ ಜಂಬುಹುಲ್ಲು, ಕಂದು ಬಣ್ಣದ ಉದ್ದನೆಯ ತೆನೆಗಳನ್ನು ಎತ್ತಿ ನಿಂತದ್ದು. ನಿಂತ ನೀರು ತೊಡಗಿದೊಡನೆ ನೈದಿಲೆ, ತಾವರೆ. ಇನ್ನೂ ಆಳದಲ್ಲಿ, ಮೇಲಿನಿಂದ ಕಾಣದಂತೆ, ನೀರೊಳಗೆ ಮುಳುಗಿಯೇ ಬಾಳುವ ನವುರಾದ ಗಿಡಗಳು. ಒಂದೊಂದು ಪಟ್ಟಿಗೂ ಅದರದೇ ಪ್ರಾಣಿವರ್ಗ. ಜಂಬುವಿನ ನಡುವೆ ನೇರಳೆ ಬಣ್ಣದ ಜಂಬುಕೋಳಿ ಎಳೆಯ ಕಾಂಡವನ್ನು ಕಾಲಿನಿಂದ ಹಿಡಿದೆತ್ತಿ ತಿನ್ನುತ್ತದೆ. ತಾವರೆಯೆಲೆಗಳ ಮೇಲೆ ದೇವನಕ್ಕಿಯು ತನ್ನ ಅತಿ ದೀರ್ಘವಾದ ಬೆರಳುಗಳನ್ನು ಹರಡಿ, ಭಾರವನ್ನೆಲ್ಲ ಹಂಚಿ, ಮುಳುಗದೆ ನಡೆದಾಡುತ್ತದೆ. ಇವುಗಳಲ್ಲಿ ಕಾವು ಕೊಡುವುದೂ ಮರಿ ಸಾಕುವುದೂ ಗಂಡಿನ ಕೆಲಸ. ಹೆಣ್ಣು ಒಂದು ಗೂಡಿನಲ್ಲಿ ಮೊಟ್ಟೆಯಿಟ್ಟು ಮತ್ತೊಂದು ಗಂಡನ್ನು ಅರಸಿ ಹೋಗುವುದು. ತಿಳಿನೀರಿನಲ್ಲಿ ಗುಳುಮುಳುಕ, ನಾಮದಕೋಳಿ, ವರಟೆ, ನೀರುಕಾಗೆ. ಹೊಸದಾಗಿ ಬಯಲಾದ ಕೆಸರಿನ ಮೇಲೆ ಟಿಟ್ಟಿಭ ಮತ್ತು ಹಿಮಾಲಯದಾಚೆಯಿಂದ ಬಂದ ಗೊರವಗಳು.

ಈ ಕೆಸರಿನೊಳಗಿನ ಪ್ರಾಣಿಗಳೂ ಇಳಿತಕ್ಕೆ ಸಿದ್ಧವಾಗಿಯೇ ಇರುತ್ತವೆ. ಕೆರೆಯ ದೊಡ್ಡ ಬಸವನಹುಳುವಿಗೆ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ನೀರಿರುವಾಗ ಒಂದರಿಂದ, ನೀರು ಹೋದಾಗ ಮತ್ತೊಂದರಿಂದ ಉಸಿರಾಡುವುದು. ನೆಲ ಒಣಗಿದರೆ ಚಿಪ್ಪಿನ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಂಡು ಮಣ್ಣಿನಲ್ಲಿ ಮಲಗಿ ಮುಂದಿನ ಮಳೆಯನ್ನು ಕಾಯುವುದು. ಮುಚ್ಚಿದರೂ ನಡುವೆ ಸಂದು ಉಳಿಯುವ ವಿಚಿತ್ರ ಕೊಕ್ಕಿನ ಬಾಯಿಕಳಕವೆಂಬ ಪಕ್ಷಿಗೆ ಈ ಬಸವನಹುಳುವೇ ಮುಖ್ಯ ಆಹಾರ. ಕೊರವ ಮೀನು ಗಾಳಿಯನ್ನೇ ಉಸಿರಾಡಬಲ್ಲದು; ಆಗಾಗ ಮೇಲೆ ಬಂದು ಗಾಳಿ ಗುಟುಕರಿಸದಂತೆ ತಡೆದರೆ ನೀರಿನಲ್ಲಿದ್ದೂ ಅದು ಸಾಯುವುದು. ಇನ್ನು ಗೆಂಡೆ ಮೊದಲಾದ ಸಾಮಾನ್ಯ ಮೀನುಗಳಿಗೆ ಈ ಸೌಕರ್ಯವಿಲ್ಲ. ನೀರು ಹರವಾಗಿದ್ದಾಗ ಕೆರೆಯ ತುಂಬ ಚದುರಿಕೊಂಡಿದ್ದ ಅವು ನೀರು ಇಳಿದಂತೆಲ್ಲ ಕಿರಿದಾಗುವ ಮಡುಗಳಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಒತ್ತೊತ್ತಾಗಿ ಸೇರುವುವು.

ಬಣ್ಣದ ಕೊಕ್ಕರೆಯ ಬದುಕೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಅದು ಬೇಟೆಯಾಡುವ ಕ್ರಮವನ್ನು ಸಮೀಪದಿಂದ ನೋಡಬೇಕು. ಬೆಳ್ಳಕ್ಕಿಯಂತೆ ಅದು ಕಣ್ಣಿಟ್ಟು ಕಾಯುವುದಿಲ್ಲ. ಗೇಣುದ್ದದ ನೀರಿನಲ್ಲಿ ನಿಂತು, ತುದಿ ಬಾಗಿದ ಹಳದಿ ಕೊಕ್ಕನ್ನು ಅರ್ಧ ತೆರೆದು ಕದಡಿದ ನೀರಿನಲ್ಲಿ ಮುಳುಗಿಸಿ, ತಲೆಯನ್ನು ಅತ್ತಿತ್ತ ಆಡಿಸುತ್ತ, ಒಂದು ಕಾಲಿನಿಂದ ಕೆಸರನ್ನು ಕೆದಕುತ್ತ ಮೆಲ್ಲಗೆ ಮುಂದೆ ಸಾಗುವುದು. ಬೆದರಿ ಓಡಿದ ಮೀನು ಕೊಕ್ಕಿಗೆ ತಗುಲಿದರೆ ಸಾಕು, ಕೊಕ್ಕು ತಾನಾಗಿ ಮುಚ್ಚಿಕೊಳ್ಳುವುದು. ಇದರ ಸಮೀಪದ ಬಂಧುವಾದ ಅಮೆರಿಕದ ಮರಕೊಕ್ಕರೆಯಲ್ಲಿ ಈ ಮುಚ್ಚುವಿಕೆಗೆ ಹಿಡಿಯುವ ಕಾಲವು ಒಂದು ಸೆಕೆಂಡಿನ 40ನೆಯ ಒಂದು ಭಾಗವೆಂದು ಅಳೆದು ನೋಡಿದ್ದಾರೆ. ಇಂತಹ ಸ್ಪರ್ಶಬೇಟೆಗೆ ಎರಡು ನಿಯಮಗಳುಂಟು: ನೀರು ಆಳವಾಗಿರಕೂಡದು, ಮೀನು ವಿರಳವಾಗಿರಕೂಡದು. ತುಂಬಿದ ಕೆರೆಯಲ್ಲಿ ಈ ಎರಡೂ ಇಲ್ಲ. ಇಳಿಯುವ ಕೆರೆಯಲ್ಲಿ ಎರಡೂ ಉಂಟು.

ಆದಕಾರಣ ಕೊಕ್ಕರೆ ಬೆಳ್ಳೂರಿನ ಪಕ್ಷಿಗಳು ಬರುವ ಕಾಲವು ಆಕಸ್ಮಿಕವಾದುದಲ್ಲ. ಮಳೆಗಾಲ ಕಳೆದ ಬಳಿಕ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಶಿಂಷೆಗೆ ಸಮೀಪದ ಈ ಗ್ರಾಮಕ್ಕೆ ಬಂದು, ಮನೆಗಳ ನಡುವಣ ಹುಣಸೆ, ಅತ್ತಿ, ಅರಳಿ ಮರಗಳ ನೆತ್ತಿಯಲ್ಲಿ ಗೂಡು ಕಟ್ಟುವುವು. ಹೆಜ್ಜಾರ್ಲೆಯ ಮೊಟ್ಟೆಗೆ ಸುಮಾರು ಒಂದು ತಿಂಗಳ ಕಾವು. ಮರಿ ಹಾರಲು ಅದಾದ ಮೇಲೆ ಮೂರು ತಿಂಗಳಿಗೂ ಮಿಕ್ಕು. ಮರಿಗಳ ಹಸಿವು ಅತ್ಯಂತ ತೀವ್ರವಾಗುವ ದಿನಗಳೂ, ಕೆರೆಗಳಲ್ಲಿ ಮೀನು ಅತ್ಯಂತ ಒತ್ತಾಗಿ ಸೇರುವ ಬೇಸಗೆಯ ದಿನಗಳೂ ಹೀಗೆ ಒಂದಕ್ಕೊಂದು ಹೊಂದಿಕೊಂಡು ಬರುವುವು. ಮುಂಗಾರು ಹಿಡಿದು ನೀರು ಮತ್ತೆ ಹರಡುವಷ್ಟರಲ್ಲಿ ಮರಿಗಳು ರೆಕ್ಕೆ ಬಲಿತು ತಂದೆತಾಯಿಗಳೊಡನೆ ಹೊರಟುಹೋಗುವುವು.

ಈ ಊರಿನ ಕಥೆ ಕನ್ನಡಿಗರು ಹೆಮ್ಮೆಪಡತಕ್ಕದ್ದು. ಹಿಂದೆ ಊರು ಹೊಳೆಯ ದಡದಲ್ಲಿದ್ದಿತೆಂದೂ, ಪ್ಲೇಗು ಬಂದು ಜನ ಈಗಿನ ಸ್ಥಳಕ್ಕೆ ಬಂದು ನೆಲೆಸಿದಾಗ ಪಕ್ಷಿಗಳೂ ಅವರನ್ನು ಹಿಂಬಾಲಿಸಿ ಬಂದುವೆಂದೂ ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಇಲ್ಲಿಯ ಹೆಜ್ಜಾರ್ಲೆಗಳ ವಸತಿಯನ್ನು ಗುರುತಿಸಿ ವಿದ್ವಾಂಸರ ಗಮನಕ್ಕೆ ತಂದರು. ಆದರೆ ಅವರು ಬರುವುದಕ್ಕೆ ಬಹುಕಾಲ ಮೊದಲೇ ಊರವರಿಗೂ ಹಕ್ಕಿಗಳಿಗೂ ಒಡಂಬಡಿಕೆ ಏರ್ಪಟ್ಟಿತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಬತ್ತಿದ ಕೆರೆಯ ಗೋಡುಮಣ್ಣನ್ನು ತಂದು ಹರಡಿ, ಮೇಲಿಂದ ಬೀಳುವ ಹಿಕ್ಕೆಯೊಡನೆ ಅದು ಬೆರೆತ ಬಳಿಕ ಗದ್ದೆಗೆ ಗೊಬ್ಬರವಾಗಿ ಹಾಕುವುದು ಇಲ್ಲಿಯ ಪದ್ಧತಿ. ಕೆರೆಯ ಮೀನು ಹಕ್ಕಿಯ ಹೊಟ್ಟೆಯ ಮೂಲಕ ರೈತನ ಭತ್ತವಾಗುವ ಈ ಪರಿಯನ್ನು ಯಾವ ಕೃಷಿಶಾಸ್ತ್ರಜ್ಞನೂ ಬಂದು ಹೇಳಿಕೊಡಬೇಕಾಗಲಿಲ್ಲ. ಹಕ್ಕಿ ಕೂತ ಹುಣಸೆಮರದ ಫಸಲು ಕೈಬಿಟ್ಟವರಿಗೆ ಅರಣ್ಯ ಇಲಾಖೆಯವರು ಪರಿಹಾರ ಕೊಡುವ ಏರ್ಪಾಡಾಯಿತು, ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ ಸಾಕಲು ಊರಿನ ಯುವಕರೇ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು, 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ನಾವು ರಕ್ಷಿಸಿದ್ದು ಗೂಡನ್ನು; ಊಟವನ್ನಲ್ಲ. ಹಕ್ಕಿ ರಾತ್ರಿ ತಂಗುವ ಮರಕ್ಕೆ ಕಾವಲುಂಟು, ಹಗಲು ಮೀನು ಹಿಡಿಯುವ ಕೆರೆಗೆ ಇಲ್ಲ.

ಆಹಾರದ ನೆಲ ಕೆಟ್ಟರೆ ಗೂಡಿನ ರಕ್ಷಣೆ ವ್ಯರ್ಥವಾಗುವುದೆಂಬುದಕ್ಕೆ ನಿದರ್ಶನಕ್ಕಾಗಿ ಅಮೆರಿಕದ ಫ್ಲಾರಿಡಾ ಪ್ರಾಂತದ ಎವರ್‌ಗ್ಲೇಡ್ಸ್ ಎಂಬ ಮಹಾ ಜೌಗನ್ನು ನೋಡಬಹುದು. ಮೇಲೆ ಹೇಳಿದ ಮರಕೊಕ್ಕರೆ ಅಲ್ಲಿಯೂ ಮಳೆಯಿಲ್ಲದ ಕಾಲದ ಇಳಿತವನ್ನೇ ನಂಬಿ ಮರಿಮಾಡುತ್ತಿತ್ತು. ಅಲ್ಲಿಯವರು ಪ್ರವಾಹ ನಿಯಂತ್ರಣಕ್ಕೂ ನೀರಾವರಿಗೂ ಕಾಲುವೆ, ಕಟ್ಟೆ, ಬಾಗಿಲುಗಳನ್ನು ಕಟ್ಟಿ ನೀರಿನ ಸಹಜವಾದ ಏರಿಳಿತವನ್ನು ತಪ್ಪಿಸಿದರು. ನೀರು ಇರಬಾರದ ಕಾಲದಲ್ಲಿ ಬಂದಿತು, ಇಳಿಯಬೇಕಾದ ಕಾಲದಲ್ಲಿ ಇಳಿಯಲಿಲ್ಲ. ಕೊಕ್ಕರೆಗಳು ಗೂಡು ಕಟ್ಟುವುದನ್ನು ತಡಮಾಡಿದುವು, ಕಟ್ಟಿದ ಗೂಡುಗಳನ್ನು ಬಿಟ್ಟುಹೋದುವು. 1984ರಲ್ಲಿ ಆ ಪಕ್ಷಿಯನ್ನು ಅಳಿವಿನಂಚಿನ ಜೀವಿಯೆಂದು ಅಲ್ಲಿಯ ಸರ್ಕಾರ ಸಾರಬೇಕಾಯಿತು. ನಮ್ಮ ಹೆಜ್ಜಾರ್ಲೆಯ ಕುಲವೂ ಇಂತಹ ನಷ್ಟವನ್ನು ಕಂಡದ್ದೇ: ಬರ್ಮಾದ ಸಿತ್ತಾಂಗ್ ನದಿಯ ಬಯಲಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಎಣಿಕೆಗೆ ಮೀರಿದ ಸಂಖ್ಯೆಯಲ್ಲಿ ಗೂಡು ಕಟ್ಟುತ್ತಿದ್ದ ಅದೇ ಜಾತಿಯ ಪಕ್ಷಿಗಳ ಮಹಾವಸತಿ ಈಗ ಅಲ್ಲಿಲ್ಲ.

ಮದ್ದೂರಿನ ಕೆರೆಗಳಿಗೆ ಈಗ ಒದಗಿರುವ ವಿಪತ್ತುಗಳು ಬಗೆಬಗೆಯವು. ವಿಶ್ವೇಶ್ವರಯ್ಯ ನಾಲೆಯಿಂದ ಈ ಸೀಮೆಗೆ ದೊರೆತ ಸಮೃದ್ಧಿಯನ್ನು ಅಲ್ಲಗಳೆಯುವ ಕೃತಘ್ನತೆ ಯಾರಿಗೂ ಬೇಡ. ಆದರೆ ಗದ್ದೆಗಳಿಂದ ಬಸಿದು ಬರುವ ನೀರು ಗೊಬ್ಬರದ ಸಾರವನ್ನೂ ಹೊತ್ತು ತಂದು ಕೆಳಗಿನ ಕೆರೆಗಳನ್ನು ಸೇರುವುದರಿಂದ, ದಕ್ಷಿಣ ಅಮೆರಿಕದಿಂದ ಹೂವಿನ ಚೆಲುವಿಗೆಂದು ತಂದ ನೀರು ಹಯಸಿಂತ್ ಎಂಬ ಕಳೆ ಅಲ್ಲಿ ಅಬ್ಬರದಿಂದ ಬೆಳೆಯುವುದು. ಅನುಕೂಲವಾದ ಕಡೆ ಅದು ಎರಡು ವಾರಗಳೊಳಗೆ ಇಮ್ಮಡಿಯಾಗಬಲ್ಲದು. ಅದರ ಹೊದಿಕೆಯ ಕೆಳಗೆ ಬೆಳಕಿಲ್ಲ, ಪ್ರಾಣವಾಯು ಕಡಿಮೆ. ಮುಳುಗಿ ಬೆಳೆಯುವ ಗಿಡಗಳು ಸಾಯುವುವು. ಕೊಕ್ಕರೆಗೆ ಕೊಕ್ಕಿಡಲು ತಾಣವಿಲ್ಲದಾಗುವುದು.

ಪಟ್ಟಣದ ಕೊಳಚೆಯ ವಿಷಯ ಇದಕ್ಕಿಂತಲೂ ಕಠಿಣವಾದುದು. 2017ರ ಕೊನೆಯಿಂದ ಕೊಕ್ಕರೆ ಬೆಳ್ಳೂರಿನಲ್ಲಿ ಬಲಿತ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದುವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದುವು. ಈ ಹುಳುವಿನ ಮೊಟ್ಟೆ ಹಿಕ್ಕೆಯೊಡನೆ ನೀರಿಗೆ ಬೀಳುವುದು. ಅಲ್ಲಿ ಮರಿಯಾಗಿ ಸೂಕ್ಷ್ಮ ಜಲಚರಗಳನ್ನು ಹೊಕ್ಕು, ಅವನ್ನು ತಿಂದ ಮೀನನ್ನು ಸೇರಿ, ಮೀನನ್ನು ತಿಂದ ಹಕ್ಕಿಯಲ್ಲಿ ಬೆಳೆದು ದೊಡ್ಡದಾಗುವುದು. ಸ್ವಲ್ಪ ಹುಳುವಿದ್ದರೆ ಹಕ್ಕಿ ತಾಳಿಕೊಳ್ಳುವುದು. ವಿಪರೀತವಾದರೆ ನಿತ್ರಾಣಗೊಂಡು ಕೊಂಬೆಯಿಂದ ಉರುಳುವುದು. ಕೊಳಚೆ ಬೆರೆತ ಶಿಂಷೆಯ ನೀರಿನ ಮೇಲೆಯೇ ಎಲ್ಲರ ಸಂಶಯ ಬಿದ್ದದ್ದು. ಊರು ಸ್ಥಳ ಬದಲಿಸಿದರೂ ಬಿಡದೆ ಬಂದ ಹಕ್ಕಿ, ನಾವು ಹೊಳೆಗೆ ಬಿಟ್ಟ ಕಲ್ಮಷದ ದೆಸೆಯಿಂದ ನಮ್ಮದೇ ಅಂಗಳದಲ್ಲಿ ಸಾಯುವುದಾದರೆ ಅದಕ್ಕಿಂತ ಲಜ್ಜೆಯ ವಿಷಯ ಮತ್ತಾವುದಿದೆ?

ಮೂರನೆಯದು ಸದುದ್ದೇಶದಿಂದಲೇ ನಡೆಯುವ ಹಾನಿ. ಹೂಳೆತ್ತುವುದು ಅವಶ್ಯಕವಾದ ಕೆಲಸ. ಹಿಂದೆ ರೈತರು ಬೇಸಗೆಯಲ್ಲಿ ಗಾಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದಾಗ ಅದು ಅಂಗಳದ ತುಂಬ ಸಮನಾಗಿ, ತೆಳುವಾಗಿ ನಡೆಯುತ್ತಿತ್ತು. ಈಗ ಯಂತ್ರಗಳು ಬಂದು ಅಂಚಿನಿಂದ ಅಂಚಿಗೆ ನೆಟ್ಟಗೆ ಅಗೆದು, ದಡವನ್ನು ಕಡಿದಾಗಿಸಿ, ಕಲ್ಲು ಕಟ್ಟಿ, ಸುತ್ತಲೂ ನಡೆಯುವ ದಾರಿ ಮಾಡಿ ‘ಅಭಿವೃದ್ಧಿ’ಯೆಂದು ಫಲಕ ನೆಡುವುದು ರೂಢಿಯಾಗುತ್ತಿದೆ. ಅಂತಹ ಕೆರೆಯಲ್ಲಿ ನೀರು ಹೆಚ್ಚು ನಿಲ್ಲಬಹುದು. ಅಂಚು ಮಾತ್ರ ಇಲ್ಲ. ನೀರು ಇಳಿದರೂ ನೆಲ ಬಯಲಾಗುವುದಿಲ್ಲ, ಬೀಜ ಮೊಳೆಯುವುದಿಲ್ಲ, ಗೇಣುದ್ದದ ನೀರು ಎಲ್ಲಿಯೂ ದೊರೆಯುವುದಿಲ್ಲ.

ಶಾಸನದಲ್ಲಿಯೂ ಒಂದು ವೈಪರೀತ್ಯವಿದೆ. 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದವು ಜೌಗನ್ನು ವಿವರಿಸುವಾಗ ಸಹಜವಾದುದನ್ನೂ ಮಾನವನಿರ್ಮಿತವಾದುದನ್ನೂ, ನಿತ್ಯವಾದುದನ್ನೂ ತಾತ್ಕಾಲಿಕವಾದುದನ್ನೂ ಒಳಗೊಂಡಿತು. ನಮ್ಮ ದೇಶದ 2017ರ ಜೌಗು ಪ್ರದೇಶಗಳ ನಿಯಮಗಳಾದರೋ ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ರಕ್ಷಣೆಯ ವ್ಯಾಪ್ತಿಯಿಂದ ಹೊರಗಿಟ್ಟುವು. ಅರಸರೂ ಪಾಳೆಯಗಾರರೂ ಗ್ರಾಮಸ್ಥರೂ ಭತ್ತಕ್ಕೆಂದು ಕಟ್ಟಿದ ಕೆರೆಗಳು ಶತಮಾನಗಳ ಅವಧಿಯಲ್ಲಿ ನಿಜವಾದ ಜೌಗುಗಳಾಗಿ ಪರಿಣಮಿಸಿರುವ ನಮ್ಮಂತಹ ಸೀಮೆಗೆ ಈ ವಿಂಗಡಣೆ ಒಪ್ಪುವುದಿಲ್ಲವೆಂದೇ ನನ್ನ ನಿಶ್ಚಿತವಾದ ಅಭಿಪ್ರಾಯ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಇದಕ್ಕೆ ಸಾಕ್ಷಿ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ, ನೂರು ಹೆಕ್ಟೇರಿಗೂ ಕಡಿಮೆಯ ಆ ಊರಕೆರೆಯಲ್ಲಿ 210ಕ್ಕೂ ಹೆಚ್ಚು ಸಸ್ಯಜಾತಿಗಳೂ, 240 ಪಕ್ಷಿಜಾತಿಗಳೂ, 41 ಬಗೆಯ ಮೀನುಗಳೂ ಇರುವುದಾಗಿ ಲೆಕ್ಕ ಸಿಕ್ಕಿದೆ. 2024ರಲ್ಲಿ ಅದೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯೂ ರಾಮ್‌ಸಾರ್ ಪಟ್ಟಿಯನ್ನು ಸೇರಿದುವು. ಮಂಡ್ಯ ಜಿಲ್ಲೆಯ ರಂಗನತಿಟ್ಟು 2022ರಲ್ಲಿಯೇ ಸೇರಿತ್ತು.

ಮದ್ದೂರಿನ ಕೆರೆಗಳಿಗೆ ಅಂತರರಾಷ್ಟ್ರೀಯ ಗೌರವ ಬರುವ ತನಕ ಕಾಯಬೇಕಾದ ಅಗತ್ಯವಿಲ್ಲ. ಅವುಗಳ ಗುಣವನ್ನು ಉಳಿಸಲು ಬೇಕಾದ ಕೆಲಸಗಳು ನಮ್ಮ ಗ್ರಾಮ ಪಂಚಾಯಿತಿಗಳ, ಪುರಸಭೆಯ, ಸಣ್ಣ ನೀರಾವರಿ ಇಲಾಖೆಯ ಕೈಯೊಳಗಿನವು. ಹೂಳನ್ನು ಏರಿಯ ಕಡೆ ಆಳವಾಗಿ ತೆಗೆದರೂ ನೀರು ಬರುವ ಕಡೆಯ ಇಳಿಜಾರನ್ನು ಹಾಗೆಯೇ ಬಿಡಬೇಕು. ಕೊಳಚೆಯನ್ನು ಶುದ್ಧಿಮಾಡದೆ ಹೊಳೆಗೆ ಬಿಡಬಾರದು. ಗೂಡಿನ ಮರಗಳು ಮುಪ್ಪಾಗುತ್ತಿರುವುದರಿಂದ ಅತ್ತಿ, ಅರಳಿ, ಹುಣಸೆಯ ಸಸಿಗಳನ್ನು ಈಗಲೇ ನೆಡಬೇಕು. ವಾಚಕರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಿಮ್ಮೂರಿನ ಕೆರೆಯ ಕಾಮಗಾರಿಯ ಪ್ರಸ್ತಾಪ ಗ್ರಾಮಸಭೆಗೆ ಬಂದಾಗ ಅದರ ನಕ್ಷೆಯನ್ನು ತರಿಸಿ ನೋಡಿರಿ, ಹಿನ್ನೀರಿನ ಕಡೆ ದಡ ಕಡಿದಾಗಿದ್ದರೆ, ಕಲ್ಲು ಕಟ್ಟುವುದಾಗಿ ಬರೆದಿದ್ದರೆ, ಅದನ್ನು ತಿದ್ದಿ ತರುವಂತೆ ಇಂಜಿನಿಯರರಿಗೆ ಹೇಳಿರಿ, ತಿದ್ದಿ ತರುವವರೆಗೂ ಸಮ್ಮತಿ ಕೊಡಬೇಡಿರಿ.